ಗುರುವಾರದ ನೂರು ನಿಮಿಷ

ಕನ್ನಡಕದಕ್ಕ ಹೊಸ ವಿಮಾನ ಕೊಂಡಳು. ಹೊಸದೆಂದರೆ ಅವಳಿಗೆ ಹೊಸದು, ಅಷ್ಟೆ. ವಿಮಾನಕ್ಕೆ ಆಗಲೇ ನಲವತ್ತೆರಡು ವರ್ಷ, ಅವಳಿಗಿಂತ ಐದು ವರ್ಷ ಚಿಕ್ಕದು.

ಊರಿನ ಮುಕ್ಕಾಲು ಮೂಗುಗಳ ಮೇಲೆ ಅವಳು ಉಜ್ಜಿ ಕೂರಿಸಿದ ಗಾಜುಗಳೇ ಇದ್ದುದರಿಂದ ಚಿಕ್ಕವರು ದೊಡ್ಡವರೆಲ್ಲ ಅವಳನ್ನು ಹಾಗೆ ಕರೆಯುತ್ತಿದ್ದರು. ವಾರವೆಲ್ಲ ಅಂಗಡಿ, ಗುರುವಾರ ಮಾತ್ರ ಬೆಟ್ಟಸಾಲಿನ ಆಚೆಯ ಊರಿನಲ್ಲಿ ಕಣ್ಣು ಪರೀಕ್ಷೆ. ರಸ್ತೆ ಹಿಡಿದರೆ ಹತ್ತು ಗಂಟೆಯ ದಾರಿ. ಅದಕ್ಕೇ ಎಂಟು ವರ್ಷದ ಹಿಂದೆ ಹಾರಿಸುವುದನ್ನು ಕಲಿತು, ಎರಡು ಸೀಟಿನ ಒಂದು ಹಳೇ ವಿಮಾನ ಇಟ್ಟುಕೊಂಡಿದ್ದಳು. ಅದಕ್ಕೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಎದುರು ಗಾಳಿ ಬೀಸಿದ ದಿನ ಕೆಳಗಿನ ಹೆದ್ದಾರಿಯ ಲಾರಿಗಳು ಅದನ್ನು ಹಿಂದೆ ಹಾಕಿ ಹೋಗುತ್ತಿದ್ದವು.

ಹೊಸದನ್ನು ಮಾರಲಿಟ್ಟಿದ್ದವರು ನಿವೃತ್ತ ದನದ ಡಾಕ್ಟರು. ನೋಡಲು ಗಂಡನ ಜೊತೆ ಹೋಗಿದ್ದೇ ತಪ್ಪಾಯಿತು. ಡಾಕ್ಟರು ನೇರ ಅವನ ಕೈ ಕುಲುಕಿದರು.

"ಸಾರ್, ಎಷ್ಟು ಗಂಟೆ ಹಾರಿಸಿದ್ದೀರಿ?"

"ನಾನಾ?" ಎಂದ ಗಣಿತದ ಮೇಷ್ಟ್ರಾದ ಗಂಡ. "ನನಗೆ ಏಣಿ ಹತ್ತಿದ್ರೇ ತಲೆ ಸುತ್ತುತ್ತೆ. ಇವಳನ್ನ ಕೇಳಿ."

ಪರೀಕ್ಷೆಗೆಂದು ಮೇಲೇರಿದಾಗ ಚಕ್ರಗಳು ಹೊಟ್ಟೆಯೊಳಕ್ಕೆ ಮಡಚಿಕೊಂಡು ದಡ್ ಎಂದು ಸದ್ದಾಯಿತು. ಆ ಕ್ಷಣಕ್ಕೆ, ಯಾರೋ ಹಿಂದಿನಿಂದ ಹಿಡಿದಿದ್ದ ಸೆರಗನ್ನು ಬಿಟ್ಟ ಹಾಗೆ, ವಿಮಾನ ಮುಂದಕ್ಕೆ ಚಿಮ್ಮಿತು. ಅಕ್ಕ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಳುತ್ತಿದ್ದಾಳೆಂದುಕೊಂಡ ಡಾಕ್ಟರು ಕರವಸ್ತ್ರ ಮುಂದೆ ಚಾಚಿದರು. "ಹೆದರಬೇಡಿ ಅಮ್ಮಾ, ಇದೇನೂ ಮಾಡಲ್ಲ."

ನಿಜವಾದ ಎಡವಟ್ಟು ಆದದ್ದು ಊಟದ ಮೇಜಿನ ಮುಂದೆ. "ಇರೋದು ಚೆನ್ನಾಗೇ ಇದೆಯಲ್ಲೇ, ಇನ್ನೊಂದು ಯಾಕೆ?" ಎಂದು ಅತ್ತೆ ಕೇಳಿದರು. ನನಗೆ ಬೇಕು ಅನ್ನಿಸಿತು, ಅಷ್ಟೆ ಎನ್ನುವ ಉತ್ತರ ನಾಲಿಗೆಯ ತುದಿಯವರೆಗೂ ಬಂತು. ಆದರೆ ಆ ಮನೆಗೆ ಬಂದು ಹದಿನೆಂಟು ವರ್ಷದಲ್ಲಿ ಅವಳು ತನಗೆ ಬೇಕೆಂದು ಏನನ್ನೂ ತಂದಿರಲಿಲ್ಲ. ತಂದದ್ದೆಲ್ಲ ಮನೆಗೆ ಅನುಕೂಲ ಅಂತಲೇ. ಅಭ್ಯಾಸಬಲದಿಂದ ಬಾಯಿ ಈಗಲೂ ಅದನ್ನೇ ಆಡಿತು.

"ಗುರುವಾರ ಬೇಗ ಮನೆಗೆ ಬರಬಹುದಲ್ಲ ಅತ್ತೆ."

ಮೇಷ್ಟ್ರು ಪೆನ್ಸಿಲ್ ತೆಗೆದ. ಮುನ್ನೂರು ಕಿಲೋಮೀಟರು, ಗಂಟೆಗೆ ಇನ್ನೂರ ಅರವತ್ತು. ಹೋಗುವಾಗ ಐವತ್ತು ನಿಮಿಷ ಉಳಿತಾಯ, ಬರುವಾಗ ಐವತ್ತು. "ನೂರು ನಿಮಿಷ!" ಎಂದು ಅವನು ಬೆರಗಾದ. ವಿಮಾನ ಇನ್ನೂ ಡಾಕ್ಟರ ಶೆಡ್ಡಿನಲ್ಲೇ ಇತ್ತು, ಇಲ್ಲಿ ಆಗಲೇ ಪಾಲು ಶುರುವಾಯಿತು. ಮಗಳನ್ನು ಈಜು ತರಗತಿಗೆ ಬಿಡಲು ಇಪ್ಪತ್ತೈದು. ಅತ್ತೆಯ ಮಂಡಿಗೆ ವ್ಯಾಯಾಮ ಮಾಡಿಸಲು ಮೂವತ್ತು. ಗುರುವಾರಗಳಂದು ಎಲ್ಲರೂ ತಂಗಳು ಬಿಸಿ ಮಾಡಿ ತಿನ್ನುತ್ತಿದ್ದರು, ಇನ್ನು ಮೇಲೆ ಬಿಸಿ ಅಡುಗೆಗೆ ನಲವತ್ತು. ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು.

"ಐದು ನಿಮಿಷ ಉಳೀತು," ಎಂದ ಮೇಷ್ಟ್ರು ಧಾರಾಳವಾಗಿ. "ಅದು ನಿಂದು. ಆರಾಮಾಗಿ ಕೂತು ಕಾಫಿ ಕುಡಿ."

ಅಕ್ಕ ಬೆಪ್ಪಾಗಿ ಪಟ್ಟಿ ನೋಡಿದಳು. ಬಟ್ಟೆ ಒಗೆಯುವ ಯಂತ್ರ ಬಂದಾಗಲೂ ಹೀಗೇ ಆಗಿತ್ತು. ಉಳಿದ ಎರಡು ಗಂಟೆಯೊಳಕ್ಕೆ, ತಿಂಗಳಿಗೊಮ್ಮೆ ಒಗೆಯುತ್ತಿದ್ದ ಪರದೆ, ಹೊದಿಕೆ, ದಿಂಬಿನ ಚೀಲಗಳೆಲ್ಲ ವಾರ ವಾರ ಬಂದು ಕೂತಿದ್ದವು. ಹಳೇ ವಿಮಾನದಲ್ಲಿ ಕನಿಷ್ಠ ನಾಲ್ಕು ಗಂಟೆ ಯಾರೂ "ಅಮ್ಮಾ, ನನ್ನ ಸಾಕ್ಸ್ ಎಲ್ಲಿ?" ಎನ್ನುವ ಹಾಗಿರಲಿಲ್ಲ. ಈಗ ಅದರಲ್ಲೂ ಕಡಿತ. ತಾನೇ ದುಡ್ಡು ಕೊಟ್ಟು ಕೊಂಡ ಕಡಿತ!

ಒಂಟಿಯಾಗಿ ಹಾರುವ ಮುಂಚೆ ಹತ್ತು ಗಂಟೆ ಕಲಿಸುವವರ ಜೊತೆ ಹಾರಬೇಕೆಂದು ವಿಮೆಯವರು ಷರತ್ತು ಹಾಕಿದ್ದರು. ಕಲಿಸಲು ಬಂದ ಮೇಡಂಗೆ ಅರವತ್ತು ದಾಟಿತ್ತು. ಬಾಯಲ್ಲಿ ಸದಾ ಲವಂಗ, ಮೂಗಿನ ಮೇಲೆ ಅಕ್ಕನದೇ ಕನ್ನಡಕ. ಮೊದಲ ದಿನ ಅಕ್ಕ ಹಳೇ ಅಭ್ಯಾಸದಂತೆ ಕೆರೆ ದಾಟಿದ ಮೇಲೆ ಇಳಿಯಲು ಶುರುಮಾಡಿದಳು. ಹಳೆಯದಾದರೆ ವೇಗ ತಗ್ಗಿಸಿದ ಕೂಡಲೇ ಸುಸ್ತಾಗಿ ಕೂತುಬಿಡುತ್ತಿತ್ತು. ಇದು ಎಣ್ಣೆ ಬಳಿದ ಹಾಗೆ ಜಾರಿಕೊಂಡು, ಇಳಿಯಬೇಕಾದ ಮೈದಾನವನ್ನು ತುಂಬ ಎತ್ತರದಲ್ಲೇ ದಾಟಿ, ಗೋಡಂಬಿ ಕಾರ್ಖಾನೆಯ ಮೇಲಕ್ಕೆ ಹೋಗಿಬಿಟ್ಟಿತು.

"ಏನಮ್ಮಾ," ಎಂದರು ಮೇಡಂ, "ವಿಮಾನ ಬಂದು ಎಷ್ಟೋ ಹೊತ್ತಾಯ್ತು. ನೀನಿನ್ನೂ ಕೆರೆ ಹತ್ರಾನೇ ಇದ್ದೀಯಲ್ಲ?"

"ಇದು ನಿಲ್ಲೋದೇ ಇಲ್ವಲ್ಲ ಮೇಡಂ!"

"ನಿಲ್ಲುತ್ತೆ, ಮುಂಚೇನೇ ಹೇಳಿದ್ರೆ. ಮುಂದಿನ ಹತ್ತು ನಿಮಿಷದ ಕೆಲಸ ಈಗ್ಲೇ ತಲೇಲಿರ್ಬೇಕು. ಮನೇಲಿ ಒಲೆ ಮೇಲೆ ಹಾಲಿಟ್ಟು ಸುಮ್ನೆ ನಿಂತ್ಕೋತೀಯಾ?"

ಅಕ್ಕನಿಗೆ ನಗು ಬಂತು. ಹಾಲು ಕಾಯುವಷ್ಟರಲ್ಲಿ ಡಬ್ಬಿ ಕಟ್ಟಿ, ಮಗಳ ಜಡೆ ಹಾಕಿ, ಅಂಗಡಿಯ ಬೀಗದ ಕೈ ಹುಡುಕುವವಳಿಗೆ ಈ ವಿದ್ಯೆ ಬೇರೆ ಯಾರು ಹೇಳಿಕೊಡಬೇಕು? ಮುಂದಿನ ಸಲ ಬೆಟ್ಟದ ಮೇಲಿರುವಾಗಲೇ ವೇಗ ಇಳಿಸಿದಳು, ಕೆರೆಯ ಹತ್ತಿರ ಚಕ್ರ ಬಿಚ್ಚಿದಳು, ಚಕ್ರಗಳು ಭದ್ರವಾಗಿ ಕೂತವೆಂದು ಹೇಳುವ ಮೂರು ಹಸಿರು ದೀಪ ಹತ್ತಿದ್ದನ್ನು ಬೆರಳಿಟ್ಟು ಎಣಿಸಿದಳು. ಹತ್ತನೆಯ ಗಂಟೆ ಮುಗಿದಾಗ ಮೇಡಂ ಪುಸ್ತಕಕ್ಕೆ ಸಹಿ ಹಾಕಿ, "ಇನ್ನು ನಾನ್ಯಾಕೆ? ಹೋಗು, ಮಜಾ ಮಾಡು," ಎಂದರು.

ಮಜಾ! ಆ ಮಾತನ್ನು ಅವಳಿಗೆ ಯಾರಾದರೂ ಅಂದು ಎಷ್ಟೋ ವರ್ಷವಾಗಿತ್ತು.

ಮೊದಲ ಒಂಟಿ ಗುರುವಾರ. ಹೋಗುವಾಗ ನಿಜಕ್ಕೂ ಎಪ್ಪತ್ತೇ ನಿಮಿಷ. ಆಚೆ ಊರಿನಲ್ಲಿ ಹತ್ತೊಂಬತ್ತು ಜೊತೆ ಕಣ್ಣು ನೋಡಿ, ಇಂಧನ ತುಂಬಿಸಿ ಹೊರಟಳು. ಬರುವಾಗ ಮೋಡಗಳು ಮಂದೆ ಮಂದೆಯಾಗಿ ಎದುರಿಗೆ ಓಡಿಬಂದು ಪಕ್ಕದಿಂದ ಜಾರಿಹೋದವು. ಗಂಟಲು ಹರಿಯುವ ಹಾಗೆ ಹಾಡಿದಳು. ಸ್ವರ ತಪ್ಪಿತೆಂದು ಹೇಳುವವರು ಯಾರೂ ಇರಲಿಲ್ಲ.

ಬೆಟ್ಟ ಬಂತು, ಕೆರೆ ಬಂತು. ನಾಲ್ಕೂ ಹತ್ತು. ಇನ್ನು ಹತ್ತು ನಿಮಿಷಕ್ಕೆ ನೆಲ, ಆಮೇಲೆ ಫ್ರಿಜ್ಜಿನ ಪಟ್ಟಿ. ಕೈ ಚಕ್ರದ ಗುಂಡಿಯತ್ತ ಹೋಯಿತು. ಅಲ್ಲೇ ತಡೆಯಿತು.

ಮೈದಾನದವರಿಗೆ ರೇಡಿಯೋದಲ್ಲಿ ಹೇಳಿದಳು: "ಕೆರೆ ಮೇಲೆ ಸ್ವಲ್ಪ ಹೊತ್ತು ಸುತ್ತಾಡ್ತೀನಿ."

"ಏನಾದ್ರೂ ತೊಂದರೆನಾ?"

"ಏನೂ ಇಲ್ಲಪ್ಪ."

ರೆಕ್ಕೆ ಓರೆ ಮಾಡಿದಾಗ ಇಡೀ ಕೆರೆ ತಟ್ಟೆಯ ಹಾಗೆ ಎದ್ದು ನಿಂತಿತು. ಎಡಕ್ಕೆ ಎಂಟು ಸುತ್ತು, ಬಲಕ್ಕೆ ಎಂಟು ಸುತ್ತು. ಬಿಳಿ ಹಕ್ಕಿಗಳ ಒಂದು ಹಿಂಡು ಎಷ್ಟೋ ಕೆಳಗೆ ಹಾರುತ್ತಿತ್ತು, ಅವು ನಿಂತಲ್ಲೇ ನಿಂತ ಹಾಗೆ ಕಂಡವು. ಯಾವ ಊರಿಗೂ ಹೋಗದೆ, ಯಾರ ಕೆಲಸಕ್ಕೂ ಅಲ್ಲದೆ, ಗಂಟೆಗೆ ಇನ್ನೂರ ಅರವತ್ತು ಕಿಲೋಮೀಟರ್! ನೂರು ನಿಮಿಷವನ್ನೂ ಕೊನೆಯ ಚೂರಿನವರೆಗೆ ತಾನೇ ಖರ್ಚು ಮಾಡಿ, ಹಳೇ ವಿಮಾನ ಬರುತ್ತಿದ್ದ ಹೊತ್ತಿಗೆ ಸರಿಯಾಗಿ ಇಳಿದಳು.

ಮನೆಯ ಬಾಗಿಲಲ್ಲೇ ಮೇಷ್ಟ್ರು ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಮೈದಾನಕ್ಕೆ ಫೋನ್ ಮಾಡಿದ್ದೆ. ಕೆರೆ ಮೇಲೆ ಸುತ್ತುತ್ತಾ ಇದ್ದಾರೆ ಅಂದ್ರು. ಚಕ್ರ ಬಿಚ್ಚಿಕೊಳ್ಳಲಿಲ್ವಾ?"

ಎಂಥ ಒಳ್ಳೆಯ ನೆಪ! ಹೌದು ಅಂದರೆ ಸಾಕು, ಅಯ್ಯೋ ಪಾಪ ಎಂದು ಕುರ್ಚಿ ಎಳೆದು ಕೂರಿಸುತ್ತಾರೆ. ಪ್ರತಿ ಗುರುವಾರವೂ ಆ ಚಕ್ರ ಹಟ ಮಾಡಬಹುದು. ಆದರೆ ಆ ನೂರು ನಿಮಿಷವನ್ನು ಯಂತ್ರದ ತಪ್ಪೆಂದು ಬರೆಸಲು ಅವಳಿಗೆ ಮನಸ್ಸು ಬರಲಿಲ್ಲ.

"ಚಕ್ರಕ್ಕೇನೂ ಆಗಿರಲಿಲ್ಲ ರೀ. ನಿಮ್ಮನ್ನ ಹೆದರಿಸಿದ್ದು ತಪ್ಪು, ಇನ್ಮೇಲೆ ಮುಂಚೆನೇ ಹೇಳ್ತೀನಿ. ಸುಮ್ನೆ ಹಾರಾಡ್ತಿದ್ದೆ."

"ಸುಮ್ನೆ ಅಂದ್ರೆ? ಯಾಕೆ?"

"ಖುಷಿಗೆ. ಈ ವಿಮಾನ ತಗೊಂಡಿದ್ದೇ ಖುಷಿಗೆ. ಬೇಗ ಬರೋಕೆ ಅಂತ ಅವತ್ತು ಸುಳ್ಳು ಹೇಳಿದೆ."

ಒಳಗಿನಿಂದ ಮಗಳ ದನಿ ಬಂತು: "ಅಮ್ಮಾ, ಈಜಿಗೆ ನಾನು ಸೈಕಲ್ಲಲ್ಲೇ ಹೋಗಿ ಬಂದೆ!" ಅತ್ತೆ ಮಂಡಿ ಹಿಡಿದುಕೊಂಡೇ ಎದ್ದು ಬಂದರು. ಬೈಯಲು ಬಂದರೆಂದುಕೊಂಡರೆ, ಸೊಸೆಯ ಕೆದರಿದ ತಲೆಯನ್ನೂ ಹೊಳೆಯುವ ಕಣ್ಣನ್ನೂ ನೋಡಿ ಅವಳ ರಟ್ಟೆ ಹಿಡಿದರು.

"ಎಷ್ಟು ಜೋರಾಗಿ ಹೋಗುತ್ತೇ ಅದು? ಚಕ್ರ ಒಳಗೆ ಹೋಗುತ್ತೆ ಅಂತಾರಲ್ಲ, ಎಲ್ಲಿಗೆ ಹೋಗುತ್ತೆ?"

ಅಕ್ಕ ಬಾಗಿಲಲ್ಲೇ ಎರಡು ತೋಳನ್ನೂ ಚಾಚಿ, ಮೊಣಕೈ ಮಡಚಿ ತೋರಿಸಿದಳು. ಅತ್ತೆ ಕಣ್ಣರಳಿಸಿದರು. "ಇನ್ನೊಂದ್ಸಲ ಮಾಡು," ಎಂದರು. ಅತ್ತೆಯೂ ಮಾಡಿ ನೋಡಿದರು. ಇಬ್ಬರೂ ಗೋಡೆಗೆ ಒರಗಿ ನಗತೊಡಗಿದರು. ಮೇಷ್ಟ್ರು ಸ್ವಲ್ಪ ಹೊತ್ತು ನಿಂತು ನೋಡಿ, ಯಾರೂ ಅಲ್ಲಿಂದ ಕದಲುವ ಲಕ್ಷಣ ಕಾಣದೆ, ಅಡುಗೆಮನೆಗೆ ಹೋದ. ಪಾತ್ರೆಯೊಂದು ಬಿದ್ದ ಸದ್ದಾಯಿತು.

"ಉಪ್ಪೆಲ್ಲಿದೆ?"

"ಅಲ್ಲೇ ಎಲ್ಲೋ ಇರುತ್ತೆ, ಹುಡುಕೋ," ಎಂದು ಅತ್ತೆ ತಿರುಗಿಯೂ ನೋಡದೆ ಕೂಗಿ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಅದ್ರಲ್ಲಿ ಎಷ್ಟು ಸೀಟಿದೆಯೇ?" ಎಂದು ಕೇಳಿದರು.