ವ-ಒತ್ತು ಇಲ್ಲದ ಹಕ್ಕುಪತ್ರ

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಕಂಪ್ಯೂಟರ್ ಆಫೀಸು ಇತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಎಸ್ಸಿ. ಪಾಸಾಗಿದ್ದೆ. ನಮ್ಮ ಮನೆಯಲ್ಲಷ್ಟೇ ಅಲ್ಲ, ನಮ್ಮ ಓಣಿಯಲ್ಲೇ ಡಿಗ್ರಿ ಪಡೆದ ಮೊದಲನೆಯವನು ನಾನು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ. ಅವ್ವ ದೇವದುರ್ಗದ ಕಡೆ ಮಂದಿಯ ಹೊಲಗಳಲ್ಲಿ ಕಳೆ ತೆಗೆದು ಓದಿಸಿದ ಡಿಗ್ರಿ ಅದು.

ಸರ್ಕಾರದವರು ಮನೆಯಿಲ್ಲದ ಹೆಣ್ಣುಮಕ್ಕಳಿಗೆ ಜಾಗದ ಹಕ್ಕುಪತ್ರ ಕೊಡುವವರಿದ್ದರು. ಮಾನ್ವಿ ಮತ್ತು ದೇವದುರ್ಗಕ್ಕೆ ಹೋಗಿ, ಅಲ್ಲಿಯೇ ಅವರ ಹೆಸರನ್ನು ಕನ್ನಡದಲ್ಲಿ ಅಚ್ಚು ಹಾಕಿಕೊಡುವ ಕೆಲಸ ನಮ್ಮ ಮಾಲಕರಿಗೆ ಸಿಕ್ಕಿತ್ತು. ನಮ್ಮ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಗ್ರಾಫ್ ಹಾಳೆಯ ಮೇಲೆ ಒಂದೊಂದು ಅಕ್ಷರ, ಒಂದೊಂದು ಒತ್ತು ಬರೆದು, ತುಂಬಿದ ಚೌಕ ಯಾವುದು, ಖಾಲಿ ಚೌಕ ಯಾವುದು ಎಂದು ಎಣಿಸಿ, ಅಕ್ಷರಗಳದ್ದೇ ಒಂದು ಫೈಲು ಮಾಡಿದೆ. ಹೆಸರು ಅಚ್ಚು ಹಾಕುವ ಪ್ರೋಗ್ರಾಂ ಬೇರೆ ಫೈಲು. ಪ್ರೋಗ್ರಾಂ ಓಡುವಾಗ ಅಕ್ಷರದ ಫೈಲನ್ನು ಹುಡುಕಿ ತೆರೆಯಬೇಕಿತ್ತು.

ಮೊದಲ ಸಲ ಮಾನ್ವಿಗೆ ಹೋದಾಗ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ಜೀಪಿನಲ್ಲಿಟ್ಟುಕೊಂಡು ಹೋಗಿದ್ದೆವು. ಅಕ್ಷರದ ಫೈಲಿದ್ದ ಫ್ಲಾಪಿ ರಾಯಚೂರಿನ ಮೇಜಿನ ಮೇಲೆಯೇ ಉಳಿಯಿತು. ಪ್ರಿಂಟರಿನಿಂದ ಬರೀ ಗೆರೆ, ಚುಕ್ಕೆ ಬಂದವು. ಅಲ್ಲಿಯ ತಾಲ್ಲೂಕು ಕಚೇರಿಯ ಗುಮಾಸ್ತರು ಹಾಳೆಯನ್ನು ಎತ್ತಿ ಹಿಡಿದರು.

"ಏನ್ರೀ ಇದು, ಇರುವಿ ಮಸಿಯಾಗ ಬಿದ್ದು ಹರದಾಡಿದಂಗ ಅದ. ಇದನ್ನ ಓದಾಕ ನಿಮ್ಮಂಗ ಬಿ.ಎಸ್ಸಿ. ಮಾಡಿರಬೇಕೇನ್ರಿ?"

ತಿರುಗಿ ಬರುವಾಗ ಮಾಲಕರು ಒಂದೇ ಮಾತು ಹೇಳಿದರು: "ಇನ್ನೊಂದ್ ಸಲ ಹಿಂಗಾತಂದ್ರ, ನಿನ್ನ ಡಿಗ್ರಿ ಕಾಗದ ತಗೊಂಡು ಮನಿಗಿ ನಡಿ."

ಆ ವಾರ ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಪ್ರೋಗ್ರಾಮಿಂಗಿನ ಇಂಗ್ಲಿಷ್ ಕೈಪಿಡಿಯನ್ನು ಪೂರ್ತಿ ಓದಿದೆ. ಕೊನೆಯ ಪುಟಗಳಲ್ಲಿ ಒಂದು ಸಣ್ಣ ಕಮಾಂಡಿನ ವಿಷಯವಿತ್ತು. ಕಪ್ಪು ಪರದೆಯ ಮೇಲೆ ಅದರ ಹೆಸರು, ಮುಂದೆ ನಮ್ಮ ಫೈಲಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ, ಆ ಫೈಲನ್ನು ಅದು ಪ್ರೋಗ್ರಾಮಿಗೆ ಸೇರಿಸಬಹುದಾದ ತುಂಡನ್ನಾಗಿ ಮಾಡಿಕೊಡುತ್ತಿತ್ತು. ಆಮೇಲೆ ಪ್ರೋಗ್ರಾಂ ಕಟ್ಟುವಾಗ ಆ ತುಂಡನ್ನೂ ಕೂಡಿಸಿದರೆ ಅಕ್ಷರಗಳೆಲ್ಲ ಅದರ ಹೊಟ್ಟೆಯೊಳಗೇ ಕುಳಿತುಬಿಡುತ್ತಿದ್ದವು. ಒಂದೇ ಫೈಲು, ಒಂದೇ ಫ್ಲಾಪಿ. ಮರೆಯಲು ಏನೂ ಉಳಿಯುವುದಿಲ್ಲ. ನಾವು ಅದಕ್ಕೆ 'ಹೊಲಿಗಿ ಕಮಾಂಡು' ಎಂದು ಹೆಸರಿಟ್ಟೆವು. ಒಂದು ಎಚ್ಚರವಿತ್ತು. ಹೊಲಿಯುವಾಗ ಫೈಲು ಹೇಗಿತ್ತೋ ಹಾಗೆಯೇ ಒಳಗೆ ಉಳಿಯುತ್ತದೆ. ಆಮೇಲೆ ಹೊರಗಿನ ಫೈಲನ್ನು ಎಷ್ಟು ತಿದ್ದಿದರೂ ಒಳಗಿನದು ಬದಲಾಗುವುದಿಲ್ಲ. ಇದು ನನಗೆ ಗೊತ್ತಿತ್ತು. ಕೈಪಿಡಿಯಲ್ಲಿ ಆ ಸಾಲಿನ ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಎರಡನೆಯ ಸಲ ಮಾನ್ವಿಯ ಕೆಲಸ ಚೆನ್ನಾಗಿ ಆಯಿತು. ವ-ಒತ್ತು ಮಾತ್ರ ಮೇಲಿನ ಅಕ್ಷರಕ್ಕೆ ತಾಗಿ ಮಸಿ ಮೆತ್ತಿದಂತೆ ಕಾಣುತ್ತಿತ್ತು. ಆಫೀಸಿಗೆ ಬಂದವನೇ ಹೊಸದಾಗಿ ಬರೆಯಲೆಂದು ಅದನ್ನು ಅಳಿಸಿದೆ. ಅಷ್ಟರಲ್ಲಿ ಮಾಲಕರು, "ಆ ಳ ಸೊಟ್ಟ ಅದ, ಮೊದ್ಲು ಅದನ್ನ ನೆಟ್ಟಗ ಮಾಡಿ ತೋರ್ಸು" ಎಂದರು. ಳ ಸರಿ ಮಾಡಿ, ಹೊಲಿದು, ತೋರಿಸಿದೆ. ಮರುದಿನ ವ-ಒತ್ತನ್ನು ಚೆಂದಾಗಿ ಬರೆದು ಫೈಲಿಗೆ ಸೇರಿಸಿದೆ. ಮತ್ತೆ ಹೊಲಿಯಲಿಲ್ಲ.

ದೇವದುರ್ಗದಲ್ಲಿ ಪ್ರೋಗ್ರಾಂ ಒಂದು ತಕರಾರೂ ಇಲ್ಲದೆ ಓಡಿತು. ಕಾಗದ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದರಲ್ಲಿ ನಾನಿದ್ದೆ, ಹೆಸರು ಓದಲಿಲ್ಲ. ಸಹಿಗೆಂದು ಬಂದಿದ್ದ ಸಾಹೇಬರೂ ಓದಲಿಲ್ಲ. ಸಹಿ ಹಾಕಿ, ಮೊಹರು ಒತ್ತಿಸಿ, ರಾಯಚೂರಿಗೆ ಹೊರಟುಹೋದರು.

ಆಮೇಲೆ ಅಲ್ಲಿಯ ಗುಮಾಸ್ತರು ಒಬ್ಬೊಬ್ಬರನ್ನೇ ಕೂಗತೊಡಗಿದರು. ಅವ್ವನೂ ಊರಿನಿಂದ ಬಂದು ಸಾಲಿನಲ್ಲಿ ನಿಂತಿದ್ದಳು. ನಾನು ಪಿ.ಯು.ಸಿ. ಓದುವಾಗ ಅವಳಿಗೆ ಸಹಿ ಕಲಿಸಿದ್ದೆ. ಅಕ್ಷರ ಎಂದಲ್ಲ, ರಂಗೋಲಿ ಕಲಿತಂತೆ ಕಲಿತಿದ್ದಳು. ನಮ್ಮ ಕಡೆಯ ಬಹಳ ಹೆಣ್ಣುಮಕ್ಕಳ ಹಾಗೆ ಅವಳ ಹೆಸರಿನ ಕೊನೆಗೂ 'ವ್ವ' ಇದೆ. ಆ ಒತ್ತು ಕೈಗೆ ಹತ್ತಲು ಒಂದು ತಿಂಗಳು ಬೇಕಾಯಿತು. ಅದಕ್ಕೆ ಅವಳು ಬಾಲ ಎನ್ನುತ್ತಿದ್ದಳು. ಕಲಿತ ಮೇಲೆ ಎಲ್ಲಿಯೂ ಹೆಬ್ಬೆಟ್ಟು ಕೊಟ್ಟಿರಲಿಲ್ಲ.

ಕಾಗದ ಕೈಗೆ ಬಂದಾಗ ಅವ್ವ ಅದನ್ನೇ ನೋಡುತ್ತ ನಿಂತಳು. "ಇದು ನಂದಲ್ರೀ" ಎಂದಳು.

"ನಿಂದಽ ಅದ ತಗಿ ಯವ್ವಾ. ಊರು ನಿಂದು, ಗಂಡನ ಹೆಸರು ನಿನ್ ಗಂಡಂದು. ಮತ್ತೇನ್ ಬೇಕು?"

"ಬಾಲ ಎಲ್ಲದ? ಕೆಳಗ ಬಾಲ ಇಲ್ಲ."

"ಬಾಲೇನು? ಇಲ್ಲಿ ಮನಿ ಜಾಗ ಕೊಡಾಕತ್ತೀವಿ, ಮಂಗ್ಯಾ ಅಲ್ಲ."

ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತರೂ ನಗುತ್ತಲೇ ಕಾಗದ ಇಸಿದುಕೊಂಡು ನೋಡಿದರು. ನಗು ನಿಂತಿತು. ಕಟ್ಟು ಬಿಚ್ಚಿ ಇನ್ನೊಂದು ನೋಡಿದರು, ಮತ್ತೊಂದು ನೋಡಿದರು. ಎಲ್ಲ 'ವ್ವ'ಗಳೂ ಬರೀ 'ವ' ಆಗಿದ್ದವು. ಕೆಳಗೆ ಬಿಳಿ ಜಾಗ. ಒತ್ತು ಅಳಿಸಿದ್ದಾಗ ಹೊಲಿದದ್ದೇ ಒಳಗೆ ಉಳಿದಿತ್ತು.

"ಕಂಪ್ಯೂಟರ್ ಮಿಸ್ಟೇಕ್ ಆಗ್ಯದ್ರಿ" ಎಂದರು ಮಾಲಕರು.

ಪೆನ್ನಿನಲ್ಲಿ ತಿದ್ದಿಕೊಡಿ ಎಂದೆ. ಮೊಹರು ಬಿದ್ದ ಮೇಲೆ ತಿದ್ದಿದರೆ ಕಾಗದ ರದ್ದು ಎಂದರು ಗುಮಾಸ್ತರು. ಈ ದಿನ ತೆಗೆದುಕೊಳ್ಳದ ಕಾಗದ ವಾಪಸು ಹೋಗುತ್ತದೆ, ಮುಂದಿನ ಪಟ್ಟಿ ಯಾವಾಗಲೋ ಗೊತ್ತಿಲ್ಲ ಎಂದೂ ಹೇಳಿದರು. ಆಮೇಲೆ ಅವ್ವನ ಕಡೆ ತಿರುಗಿದರು.

"ಸಹಿ ಮಾಡಾಕಿ ಇದ್ರ ಕಾಗದದಾಗ ಇದ್ದಂಗ ಮಾಡಬೇಕು ನೋಡವ್ವಾ. ತಾಳೆ ಆಗಲಿಲ್ಲಂದ್ರ ನಡಿಯಂಗಿಲ್ಲ. ಸುಮ್ನ ಹೆಬ್ಬಟ್ಟು ಒತ್ತು. ಹೆಬ್ಬಟ್ಟಿಗೆ ಒತ್ತಕ್ಷರ ಎಲ್ಲದ?"

ಅವ್ವ ನನ್ನನ್ನು ನೋಡಿದಳು. "ಏನ್ ಮಾಡ್ಲೋ?"

"ಒತ್ತು" ಎಂದೆ.

ಮಸಿಯ ಪ್ಯಾಡು ಮುಂದಕ್ಕೆ ಸರಿಯಿತು. ಅವ್ವ ಒತ್ತಿದಳು. ಅವಳ ಹಿಂದಿದ್ದವರೂ ಒತ್ತಿದರು. ನನಗೆ ಏನೂ ಅನಿಸಲಿಲ್ಲ. ಏನಾದರೂ ಅನಿಸಬೇಕಿತ್ತು ಎಂದು ಮಾತ್ರ ಗೊತ್ತಾಗುತ್ತಿತ್ತು. ಪ್ರಿಂಟರಿನ ವೈರು ಸುತ್ತಿದೆ, ಕೌದಿ ಹೊದಿಸಿದೆ.

ಬಸ್ ನಿಲ್ದಾಣದಲ್ಲಿ, ತಪ್ಪು ನನ್ನದು ಎಂದು ಅವ್ವನಿಗೆ ಹೇಳಿದೆ. "ಇರ್ಲಿ ಬಿಡು, ಜಾಗ ಬಂತಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತೋ ಏನೋ.

ಮರುದಿನ ಮತ್ತೆ ಹೊಲಿದೆ. ಒತ್ತು ಸರಿಯಾಗಿ ಬಂತು. ಕೊಟ್ಟ ಕಾಗದಗಳನ್ನು ಯಾರೂ ತಿರುಗಿ ಕೇಳಲಿಲ್ಲ. ನನ್ನ ಕೆಲಸವೂ ಹೋಗಲಿಲ್ಲ.

ಜಾಗದಲ್ಲಿ ಮನೆ ಎದ್ದಿತು. ಪಂಚಾಯಿತಿಯ ಪುಸ್ತಕಕ್ಕೆ, ಕರೆಂಟಿನ ಅರ್ಜಿಗೆ, ಎಲ್ಲದಕ್ಕೂ ಹಕ್ಕುಪತ್ರ ನೋಡಿಯೇ ಹೆಸರು ಇಳಿಸಿಕೊಂಡರು. ಬಾಲವಿಟ್ಟು ಸಹಿ ಮಾಡಿದರೆ ತಾಳೆಯಾಗುತ್ತಿರಲಿಲ್ಲ. ಬಾಲವಿಲ್ಲದ ಸಹಿ ಅವ್ವನಿಗೆ ಬರುತ್ತಿರಲಿಲ್ಲ. ಹೋದಲ್ಲೆಲ್ಲ ಹೆಬ್ಬೆಟ್ಟನ್ನೇ ಮುಂದೆ ಮಾಡಿದಳು. ಎಷ್ಟೋ ಸಲ ನಾನೂ ಜೊತೆಗಿರುತ್ತಿದ್ದೆ. "ಮಗ ಡಿಗ್ರಿ ಮಾಡ್ಯಾನಂತ, ಅವ್ವಗ ಒಂದ್ ಸಹಿ ಕಲಿಸಾಕ ಆಗಿಲ್ಲೇನು?" ಎಂದು ಯಾರಾದರೂ ಕೇಳೇ ಕೇಳುತ್ತಿದ್ದರು. ಅವ್ವ ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ನಾನು ಪ್ಯಾಡಿನ ಮುಚ್ಚಳ ಹಾಕುತ್ತಿದ್ದೆ.