ಗೌರಿ ಮೂಸಿ ಬಿಟ್ಟ ಪೆಲೆಟ್

ಕಳೆದ ಸೋಮವಾರ ನಮ್ಮ ಗೌರಿ ಬೆಳಗಿನ ತಿಂಡಿ ಮುಟ್ಟಲಿಲ್ಲ. ಮೇವಿನ ಬಾನಿಗೆ ಮೂತಿ ಇಟ್ಟಳು, ಫುರ್ ಅಂದಳು, ಮುಖ ತಿರುಗಿಸಿದಳು. (ಗೌರಿ ನಮ್ಮ ಹಸು. ಹೆಂಡತಿ ಮುಖ ತಿರುಗಿಸಿದ್ದರೆ ಅದು ಸುದ್ದಿಯೇ ಅಲ್ಲ.)

"ಜ್ವರ ಬಂದೈತೇನೋ ಕಣೋ, ಡಾಕ್ಟ್ರಿಗೆ ಫೋನ್ ಮಾಡಪ್ಪ!" ಅಮ್ಮನ ಕಣ್ಣಲ್ಲಿ ಆಗಲೇ ನೀರು.

ಗೋಡೆಯಾಚೆ ಇನ್ನೊಂದು ಟೆನ್ಷನ್. ಜಂಗಮಕೋಟೆಯಲ್ಲಿ ನಮ್ಮ ಪಕ್ಕದ್ದೇ ನಯಾಜ್‌ನ ರೇಷ್ಮೆ ಫ್ಯಾಕ್ಟರಿ. ಗೂಡು ಬೇಯಿಸಲು ಹಬೆ ಬೇಕು, ಹಬೆಗೆ ಇಷ್ಟು ವರ್ಷ ಡೀಸೆಲ್ ಸುಟ್ಟಿದ್ದಾಯಿತು. ಅವತ್ತು ಹೊಸ ಬಾಯ್ಲರ್‌ನ ಮೊದಲ ದಿನ. ಮರದ ಹೊಟ್ಟು, ಹಿಪ್ಪುನೇರಳೆ ಕಡ್ಡಿ ಪುಡಿ ಮಾಡಿ ಒತ್ತಿದ ಪೆಲೆಟ್ಟೇ ಅದರ ಆಹಾರ. ನಯಾಜ್ ಕಾಡಿ ಬೇಡಿ ಅವರ ಅಬ್ಬಾರನ್ನು ಒಪ್ಪಿಸಿದ್ದ. ಅಬ್ಬಾ ಷರತ್ತು ಹಾಕಿದ್ದರು: "ಇವತ್ತು ಹಬೆ ಸಾಲ್ದೆ ಗೂಡು ಕೆಟ್ರೆ, ನಾಳೆಯಿಂದ ಮತ್ತೆ ಡೀಸೆಲ್ಲೇ." ಹೇಳಿ, ಬಾಯ್ಲರ್ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ಡಾಕ್ಟರ್ ನಂಬರ್ ಹುಡುಕುತ್ತಿದ್ದೇನೆ, ಘಮ್ಮೆಂದು ಬೆಲ್ಲ ಸೀದ ವಾಸನೆ! ಜೊತೆಗೆ ಅಬ್ಬಾರ ದನಿ. "ಅರೆ, ಇದು ಬಾಯ್ಲರಾ, ಅಡುಗೆ ಮನೇನಾ?"

ಓಡಿದೆ. ಹಬೆಯ ಒತ್ತಡ ತೋರಿಸುವ ಮುಳ್ಳು ಇಳಿಯುತ್ತಿತ್ತು. ನಯಾಜ್ ಬೆವೆತು ತೊಪ್ಪೆಯಾಗಿದ್ದ. "ಚೀಲಗಟ್ಲೆ ಸುರಿದೆ ಭಾಯ್, ಉರೀತಾನೇ ಇಲ್ಲ. ಬರೀ ಕರಗಿ ಗಟ್ಟಿ ಕಟ್ಕೊಂತಾ ಐತೆ!"

ನನ್ನ ಹಿಂದೆ ಬಂದ ಅಮ್ಮ ಮೂಗರಳಿಸಿದಳು. "ಅಯ್ಯೋ ನಿನ್ ಮನೆ ಕಾಯ್ವಾಗ! ಇದು ನಮ್ ಗೌರಿ ತಿನ್ನೋ ಬೆಲ್ಲದ ಫೀಡ್ ಕಣೋ ನಯಾಜಪ್ಪ!"

ಆಗಿದ್ದಿಷ್ಟೆ. ನಮ್ಮ ಕೊಟ್ಟಿಗೆಯಲ್ಲಿ ಇಲಿ ಕಾಟ, ಹಾಗಾಗಿ ಫೀಡ್ ಇಡುವುದು ನಯಾಜ್‌ನ ಶೆಡ್ಡಿನಲ್ಲಿ. ಕಂಪನಿ ಹೆಸರಿರುವ ಚೀಲದಲ್ಲಾದರೂ ಇಡಬಾರದೇ? ಅಮ್ಮ ಅವನ್ನೆಲ್ಲ ಬಿಚ್ಚಿ, ಹೊಲಿದು, ರಾಗಿ ಒಣಗಿಸುವ ಪಟ ಮಾಡಿಕೊಂಡಿದ್ದಾಳೆ. ಫೀಡೆಲ್ಲ ಬಿಳಿ ಚೀಲಕ್ಕೆ. ಪೆಲೆಟ್ಟೂ ಬಿಳಿ ಚೀಲ. ಅದೇ ಕಂದು ಬಣ್ಣ, ಅದೇ ಬೆರಳು ಗಾತ್ರ. ಬೆಳಿಗ್ಗೆ ನಾನು ಅವನದ್ದು ಎತ್ತಿಕೊಂಡು ಬಂದೆ, ಅವನು ನಮ್ಮದು ಸುರಿದ. ಇಬ್ಬರೂ ಡಿಗ್ರಿ ಮಾಡಿದವರು, ಮರೆಯಬೇಡಿ.

ಚೀಲ ಅದಲು ಬದಲಾಯಿತು. ಒಳಗೆ ಕಟ್ಟಿದ್ದ ಗಟ್ಟಿಯನ್ನು ನಯಾಜ್ ಕಂಬಿಯಲ್ಲಿ ಕೆದಕಿ ಕೆದಕಿ ತೆಗೆದ. ಪೆಲೆಟ್ ಬಿತ್ತು. ಮುಳ್ಳು ನಿಂತಿತು, ಆಮೇಲೆ ಮೆಲ್ಲಗೆ ಏರಿತು. ಗೂಡು ಬೆಂದು ಎಳೆ ಬಿಟ್ಟಾಗ ನನಗೇ ಕುಣಿಯುವಷ್ಟು ಖುಷಿ.

ಅಬ್ಬಾ ಎದ್ದು ಕುರ್ಚಿ ಮಡಚಿದರು. "ಡೀಸೆಲ್ ಬೇಡ ಬಿಡು. ಆದ್ರೆ ಇನ್ಮೇಲೆ ಲೋಡ್ ಬಂದ್ರೆ ಮೊದ್ಲು ಗೌರಿಗೆ ತೋರ್ಸು. ನಿಮ್ಮಿಬ್ರಿಗೂ ಇಲ್ದಿರೋ ಬುದ್ಧಿ ಅದಕ್ಕೈತೆ."

ಈಗ ನಮ್ಮಲ್ಲಿ ಅದೇ ರೂಲ್. ನಯಾಜ್ ಪ್ರತಿ ಚೀಲದಿಂದ ಒಂದು ಹಿಡಿ ತಂದು ಗೌರಿಯ ಮುಂದೆ ಹಿಡಿಯುತ್ತಾನೆ. ಬಾಯಿ ಹಾಕಿದರೆ ಕೊಟ್ಟಿಗೆಗೆ, ಮುಖ ತಿರುಗಿಸಿದರೆ ಬಾಯ್ಲರ್‌ಗೆ.

ಇರಲಿ ಎಂದು ಈ ಅಂಕಣದ ಹಾಳೆಯನ್ನೂ ಗೌರಿಗೆ ತೋರಿಸಿದೆ. ಮೂಸಿದವಳೇ ಮುಖ ತಿರುಗಿಸಬೇಕೇ?