ಸಿಂಹದ ದಾರಿಗೆ ಬಿದ್ದ ಗರಿ

ದಾರಿಗೆ ಬಿದ್ದ ತೆಂಗಿನ ಗರಿಯನ್ನು ದಾಟಿಕೊಂಡು ಹೋಗುವುದು ನನ್ನಿಂದಾಗದು. ಇದೊಂದು ಕಾಯಿಲೆಯೆಂದು ನನ್ನ ಹೆಂಡತಿ ಗಿರಿಜೆ ಮದುವೆಯಾದ ವರ್ಷವೇ ಕಂಡುಹಿಡಿದಳು. ತುರುವೇಕೆರೆಯಲ್ಲಿ ಅವಳ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ರೇಷ್ಮೆ ಪಂಚೆ ಉಟ್ಟು ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಿದ್ದೇನೆ, ಯಾರದೋ ತೋಟದ ತೆಂಗಿನ ಗರಿ ರಸ್ತೆಗೆ ಅಡ್ಡ ಬಿದ್ದಿದೆ. ಇಳಿದೆ, ಬುಡ ಹಿಡಿದು ಎಳೆದೆ, ಬೇಲಿಗೆ ಒರಗಿಸಿ ಬಂದೆ. ಪಂಚೆಗೆಲ್ಲ ಮಣ್ಣು. “ಅದೇನ್ ನಮ್ ತೋಟದ್ದಾ?” ಎಂದಳು ಗಿರಿಜೆ. ನಾನು ಪಂಚೆ ಕೊಡವಿ ಸ್ಕೂಟರ್ ಹತ್ತಿದೆ.

ತಪ್ಪು ನನ್ನದಲ್ಲ, ತೆಂಗಿನ ಸೀಮೆಯ ಬಿಳಿಗೆರೆಯಲ್ಲಿ ಹುಟ್ಟಿದ್ದರದು. ನಮ್ಮ ಕಡೆ ಗರಿ ಎಂದರೆ ಕಸವಲ್ಲ. ಹಸಿಯದು ಚಪ್ಪರಕ್ಕೆ, ಒಣಗಿದ್ದು ನೀರೊಲೆಗೆ, ಕಡ್ಡಿ ಪೊರಕೆಗೆ, ಏನೂ ಬೇಡವೆಂದರೆ ಮರದ ಬುಡಕ್ಕೆ. “ಗರಿ ದಾಟ್ಕೊಂಡ್ ಹೋಗೋನು ತೋಟ ಮಾಡ್ದಂಗೇ ಬುಡ್ಲಾ” ಎಂದು ನಮ್ಮಪ್ಪ ದಿನಕ್ಕೆರಡು ಸಲವಾದರೂ ಅನ್ನುತ್ತಿದ್ದರು. ತಲೆ ಯೋಚನೆ ಮಾಡುವ ಮೊದಲೇ ಕೈ ಕೆಲಸ ಮುಗಿಸಿರುತ್ತದಲ್ಲ, ಬಲ್ಲವರು ಸಂಸ್ಕಾರ ಎನ್ನುವುದು ಅದನ್ನೇ ಇರಬೇಕು. ಸಂಸ್ಕಾರ ಒಳ್ಳೆಯದೇ. ಆದರೆ ಅದನ್ನು ಎಲ್ಲಿಗೆ ಕರೆದುಕೊಂಡು ಹೋಗಬಾರದು ಎಂದು ಯಾರೂ ಹೇಳಿಕೊಡುವುದಿಲ್ಲ.

ನಾನು ಆಫ್ರಿಕಾಕ್ಕೆ ಕರೆದುಕೊಂಡು ಹೋದೆ.

ಗಿರಿಜೆಯ ತಮ್ಮ ಉಮೇಶ ಅಲ್ಲಿ ಬೋರ್‌ವೆಲ್ ಕೊರೆಸುವ ಕೆಲಸದಲ್ಲಿದ್ದಾನೆ. ಬನ್ನಿ ಬನ್ನಿ ಎಂದು ಪ್ರಾಣ ತಿಂದ, ಹೋದೆವು. ಗಿರಿಜೆಗೆ ಬೇರೆ ಯಾವ ಆಸೆಯೂ ಇರಲಿಲ್ಲ, ಸಿಂಹವೊಂದನ್ನು ನೋಡಬೇಕು. ನಮ್ಮ ಅಡುಗೆಮನೆಯಲ್ಲಿ ಸಿಂಹದ ಮೇಲೆ ಕೂತ ಅಮ್ಮನವರ ಕ್ಯಾಲೆಂಡರ್ ಇದೆ. ಮೂವತ್ತು ವರ್ಷದಿಂದ ಅದಕ್ಕೆ ಕೈಮುಗಿಯುತ್ತಾ ಅವಳಿಗೊಂದು ಅನುಮಾನ. “ಅಂಥಾ ಮೃಗದ ಮೇಲೆ ಅಮ್ಮ ಹೆಂಗ್ ಕೂತ್ಕೊಂಡ್ಳೋ, ಒಂದ್ಸಲ ಸಿಂಹನ ಕಣ್ಣಾರೆ ನೋಡ್ಬೇಕು ಕಣ್ರೀ” ಎನ್ನುವಳು.

ಕಾಡಿಗೆ ನಮಗೆ ಸಿಕ್ಕಿದ್ದು ಒಂದೇ ದಿನ, ಮರುದಿನ ವಿಮಾನ. ಅಲ್ಲಿ ಗೈಡ್ ಇಲ್ಲ, ಜೀಪ್ ಇಲ್ಲ, ನಮ್ಮ ಕಾರನ್ನು ನಾವೇ ಓಡಿಸಿಕೊಂಡು ಪ್ರಾಣಿಗಳನ್ನು ಹುಡುಕಿಕೊಳ್ಳಬೇಕು. ಗೇಟಿನಲ್ಲಿ ಕೊಟ್ಟ ಕಾಗದವನ್ನು ಉಮೇಶನ ಮಗಳು, ಎಂಟು ವರ್ಷದ ಪಿಂಕಿ, ಓದಿ ಹೇಳಿದಳು: ಏನೇ ಆಗಲಿ ಕಾರಿನಿಂದ ಇಳಿಯಬಾರದು. ನಾನೂ ದೊಡ್ಡವನಂತೆ ತಲೆಯಾಡಿಸಿದೆ.

ಬೆಳಗ್ಗೆಯಿಂದ ಜಿರಾಫೆ, ಜೀಬ್ರಾ, ಕೊನೆಗೆ ಖಡ್ಗಮೃಗವೂ ಸಿಕ್ಕಿತು. ಸಿಂಹ ಮಾತ್ರ ಇಲ್ಲ. ಗಿರಿಜೆ ಗಾಜಿಗೆ ಹಣೆ ಒತ್ತಿಕೊಂಡೇ ಕೂತಿದ್ದಳು, ಬುತ್ತಿಯ ಚಿತ್ರಾನ್ನವನ್ನೂ ಮುಟ್ಟಲಿಲ್ಲ. ನಾನೋ, ನಿಜ ಹೇಳಬೇಕೆಂದರೆ, ಹುಲ್ಲು ನೋಡುವುದು ಬಿಟ್ಟು ಮರದ ಸುಳಿ ನೋಡುತ್ತಿದ್ದೆ. ತೆಂಗಿನವರ ಕತ್ತು ಮೇಲಕ್ಕೇ ತಿರುಗುವುದು. ನಾಲ್ಕು ಗಂಟೆಯಾಯಿತು. ಕತ್ತಲಾಗುವ ಮೊದಲು ಗೇಟ್ ದಾಟಬೇಕು. “ಇನ್ ಸಿಗಲ್ಲ ಬುಡು ಉಮೇಶ” ಎಂದಳು ಗಿರಿಜೆ. ಅವಳ ದನಿ ಕೇಳಿ ನನಗೆ ಸಂಕಟವಾಯಿತು.

ಆಗಲೇ ಒಂದು ಹೊಳೆಯ ಹತ್ತಿರ ಉಮೇಶ ಬ್ರೇಕ್ ಹಾಕಿದ. ನಮ್ಮ ತಾಳೆಮರದ ದಾಯಾದಿಯಂಥ ಮರವೊಂದರ ದೊಡ್ಡ ಒಣಗರಿ ದಾರಿಗೆ ಅಡ್ಡ ಬಿದ್ದಿತ್ತು.

ಮುಂದಿನದು ನಾನು ಮಾಡಿದ್ದಲ್ಲ, ನನ್ನ ಕೈಕಾಲು ಮಾಡಿದ್ದು. ಬಾಗಿಲು ತೆಗೆದೆ, ಇಳಿದೆ, ಬುಡ ಹಿಡಿದು ಎಳೆದೆ. ಸುಮ್ಮನೆ ಬಿಸಾಡಿ ಬಂದೆನೇ? ಇಲ್ಲ. ಮರದ ಬುಡಕ್ಕೆ ಒಯ್ದು, ನೆಟ್ಟಗೆ ಮಲಗಿಸಿ, ಪಕ್ಕದಲ್ಲಿದ್ದ ಇನ್ನೆರಡನ್ನೂ ಅದರ ಮೇಲೆ ಜೋಡಿಸಿದೆ. ಕೈ ಒರೆಸಿಕೊಳ್ಳುತ್ತಾ ಬಂದು ಕೂತೆ.

“ಗರೀಲೆಲ್ಲ ಮುಳ್ಳು ಕಣಯ್ಯ, ಟೈರ್ ಪಂಚರ್ ಆಗೋದು” ಎಂದೆ. ಉಮೇಶನ ಕೈ ಹಾರ್ನ್ ಮೇಲೆ ಒತ್ತದೆ ಹಾಗೇ ನಿಂತಿತ್ತು. ಪಿಂಕಿಯೇ ಮೆಲ್ಲಗೆ ಹೇಳಿದಳು, “ಮಾವ, ನೀವು ಎರಡನೇ ಗರಿ ಇಡುವಾಗ ಪೊದೆ ಹಿಂದೆ ಸಿಂಹ ಆಕಳಿಸ್ತು.”

ತಿರುಗಿ ನೋಡಿದೆ. ಹುಲ್ಲು ಅಲ್ಲಾಡುತ್ತಿತ್ತು, ಅಷ್ಟೇ. ಹಾರ್ನ್ ಹೊಡೆದರೆ ಅದು ಬೆದರಿ ಮೇಲೆ ಬಿದ್ದೀತೆಂದು ಉಮೇಶ ಸುಮ್ಮನಿದ್ದನಂತೆ. “ಭಾವ, ನಿಮಗೆ ಕೈಮುಗೀತೀನಿ” ಎಂದು ನಾಲ್ಕೂ ಬಾಗಿಲಿಗೆ ಲಾಕ್ ಹಾಕಿದ. ಆಗ ಹೆದರಿಕೆ ಬಂತು ನನಗೆ. ಗಿರಿಜೆ ಗೇಟ್ ಬರುವವರೆಗೂ ನನ್ನ ಅಂಗಿಯ ತೋಳನ್ನು ಬಿಡಲಿಲ್ಲ. ಬಯ್ಯಲೂ ಇಲ್ಲ. ಹೋಗಲಿ, ಅವಳ ಆಸೆಯಾದರೂ ತೀರಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಊರಿಗೆ ಬಂದ ಮೇಲೆ ಪಕ್ಕದ ಮನೆಯ ಪುಟ್ಟಮ್ಮ ಕೇಳಲು ಬಂದಳು. “ಸಿಂಹ ನೋಡಿದ್ಯಂತಲ್ಲಕ್ಕ, ಹೆಂಗಿತ್ತು? ಜೂಲಿತ್ತಾ?”

“ಯಾರಿಗ್ ಗೊತ್ತು ಕಣೇ” ಎಂದಳು ಗಿರಿಜೆ. “ಅಲ್ಲಿ ಏನೋ ಎದ್ದಂಗಾಯ್ತು. ನಾನ್ ಇವ್ರ ಮೇಲಿಂದ ಕಣ್ಣು ತೆಗೀಲೇ ಇಲ್ಲ. ನೀಲಿ ಅಂಗಿ, ಬೆನ್ನೆಲ್ಲ ಬೆವ್ರು. ಅಷ್ಟೇ ನಾನ್ ನೋಡಿದ್ದು.”

ಜಗಲಿಯಲ್ಲಿ ಕೂತಿದ್ದ ನನಗೆ ಎಲ್ಲ ಕೇಳಿಸಿತು. ಮೂವತ್ತು ವರ್ಷ ಕಾದ ಸಿಂಹ ಎದುರಿಗೇ ಎದ್ದು ನಿಂತಾಗ ಅವಳು ನೋಡಿದ್ದು ನನ್ನ ಬೆವರಿದ ಬೆನ್ನನ್ನು. ಪುಟ್ಟಮ್ಮ ಹೋದ ಮೇಲೆ ಒಳಗೆ ಹೋಗಿ, “ಇನ್ನೊಂದ್ಸಲ ಹೋಗಣ ಕಣೇ, ಸರಿಯಾಗಿ ನೋಡ್ಕೊಂಡ್ ಬರಣ” ಎಂದೆ.

“ಕಾರಿಂದ ಇಳೀದೆ ಕೂತಿರ್ತೀರಾ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ದಾರೀಲಿ ಗರಿ ಬಿದ್ದಿರದಿದ್ರೆ” ಎಂದೆ.

ಗಿರಿಜೆ ಕ್ಯಾಲೆಂಡರಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. “ಹಂಗಾದ್ರೆ ನಂಗೆ ಈ ಸಿಂಹವೇ ಸಾಕು ಬುಡಿ” ಎಂದಳು.